ಇಬ್ಬರಿಗೆ ಸಾಲುವ ಬೋಟು

ನಗ್ತೀಯಲ್ಲ ಅಕ್ಕ! ಯಾಕೆ ನಗ್ತೀಯ? ತಮಾಷೆ ಅಲ್ಲ, ನಿಜವಾಗ್ಲೂ ಏಳೇ ಅಡಿ ಅಗಲ. ಏಳಡಿನೂ ಪೂರ್ತಿ ಇಲ್ಲ, ಎರಡಿಂಚು ಕಮ್ಮಿ. ಉದ್ದ ಮಾತ್ರ ಐವತ್ತೇಳಡಿ. ನಮ್ಮ ಗರಾಜಿನ ನೆಲಕ್ಕೆ ನೀಲಿ ಟೇಪು ಅಂಟಿಸಿದ್ದೀನಲ್ಲ, ಡ್ರೈವ್‌ವೇ ದಾಟಿ ರಸ್ತೆವರೆಗೂ ಹೋಗಿದೆಯಲ್ಲ, ಅದನ್ನ ನೀನು ಏನಂದ್ಕೊಂಡಿದ್ದೆ? … ನಲ್ಲಿ ಪೈಪು ಹಾಕೋಕೆ ಗುರುತು ಅಂತಾನಾ? ಅಲ್ಲ ಕಣಕ್ಕ, ಅದೇ ಬೋಟು. ಅದರೊಳಗೆ ಅಡುಗೆಮನೆ, ಬಚ್ಚಲು, ಮಂಚ, ಎಲ್ಲ ಒಂದರ ಹಿಂದೆ ಒಂದು, ರೈಲು ಡಬ್ಬಿ ಇದ್ದ ಹಾಗೆ. ನಾನೂ ಸಂಯುಕ್ತಾನೂ, ಗಂಡ ಹೆಂಡತಿ ಇಬ್ಬರೂ, ಒಂದು ಭಾನುವಾರ ಪೂರ್ತಿ ಆ ಟೇಪಿನೊಳಗೇ ಓಡಾಡ್ಕೊಂಡಿದ್ವಿ, ಪ್ರಾಕ್ಟೀಸಿಗೆ. ಪಕ್ಕದ ಮನೆಯವನು ನಾಯಿ ಹಿಡ್ಕೊಂಡು ನಿಂತು ನೋಡ್ತಿದ್ದ. ಏನನ್ನಿಸ್ತೋ ಏನೋ ಅವನಿಗೆ.

ಆ ಡಬ್ಬಿ ತೊಡೆ ಮೇಲೆ ಯಾಕೆ ಅಕ್ಕ, ಹಿಂದಿನ ಸೀಟಲ್ಲಿಡು ಅಂದ್ರೆ ಕೇಳಲ್ಲ. ಕೋಡುಬಳೆ ತಾನೇ, ನಾಲ್ಕು ಮುರಿದ್ರೆ ಮುರೀಲಿ. ಮಾರ್ಗನ್ ಹಿಲ್‌ಗೆ ಇನ್ನೂ ಮುಕ್ಕಾಲು ಗಂಟೆ ಇದೆ. … ಹೂಂ, ಶನಿವಾರ ಬೆಳಿಗ್ಗೆ, ಫ್ರೀವೇ ಖಾಲಿ. ಕಾಲು ಚಾಚ್ಕೊಂಡು ಕೂತ್ಕೋ.

ಎಲ್ಲಿದ್ದೆ? ಹಾಂ, ಇಂಗ್ಲೆಂಡು. ಲಂಡನ್ ಅಲ್ಲ, ಹಳ್ಳಿ ಕಡೆ. ಹಿಂದಿನ ಕಾಲದಲ್ಲಿ ಕಲ್ಲಿದ್ದಲು ಸಾಗಿಸೋಕೆ ತೋಡಿದ ನಾಲೆಗಳು. ನಮ್ಮ ಮಂಡ್ಯದ ನಾಲೆಗಿಂತ ಚಿಕ್ಕದು, ಆದ್ರೆ ದಡದಲ್ಲಿ ಹಾಗೇ ಕಾಲುದಾರಿ, ಹಾಗೇ ಮರ. ಗುಡ್ಡ ಬಂದ್ರೆ ಬೋಟು ಗುಡ್ಡ ಹತ್ತುತ್ತೆ! ನಂಬಲ್ಲ ನೀನು. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ಬೋಟು ನಿಲ್ಲಿಸಿ ತೂಬು ಎತ್ತಿದ್ರೆ ನೀರು ತುಂಬುತ್ತೆ, ಬೋಟು ತಾನಾಗೇ ಮೇಲೇಳುತ್ತೆ. ಲಾಕು ಅಂತಾರೆ. ಒಬ್ಬರು ಬೋಟು ಹಿಡ್ಕೋಬೇಕು, ಇನ್ನೊಬ್ಬರು ದಡಕ್ಕಿಳಿದು ತೂಬು ತಿರುಗಿಸ್ಬೇಕು. ಇಬ್ಬರಿದ್ರೆ ಸಾಕು. ಇಬ್ಬರಿಗೇ ಹೇಳಿ ಮಾಡಿಸಿದ ಕೆಲಸ. ಸ್ಪೀಡು ಎಷ್ಟು ಗೊತ್ತಾ? ಗಂಟೆಗೆ ನಾಲ್ಕು ಮೈಲಿ, ಅಷ್ಟೇ. ನೀನು ದಡದಲ್ಲಿ ನಡ್ಕೊಂಡು ಹೊರಟ್ರೆ ನಮಗಿಂತ ಮುಂಚೆ ಊರು ಸೇರ್ತೀಯ.

… ಇಲ್ಲಪ್ಪ, ಕೆಲಸದಿಂದ ಯಾರೂ ತೆಗೆದಿಲ್ಲ. ಎಲ್ರೂ ಹಾಗೇ ಕೇಳ್ತಾರೆ! ನಾನೇ ಬಿಡ್ತಿರೋದು, ಜನವರಿ ಕೊನೆಗೆ. ಐವತ್ತಾರಕ್ಕೆ ರಿಟೈರು. ಸಾಕಾಗಿಹೋಗಿದೆ ಅಕ್ಕ. ಮೂವತ್ತು ವರ್ಷ ಮೀಟಿಂಗು. ಹೋದ ವರ್ಷ ನನ್ನ ಮ್ಯಾನೇಜರು, ನಮ್ಮ ಅಭಿರಾಮ್‌ಗಿಂತ ನಾಲ್ಕೋ ಐದೋ ವರ್ಷ ದೊಡ್ಡವನು, ನನ್ನ ಎದುರಿಗೆ ಕೂರಿಸ್ಕೊಂಡು ಇನ್ನೈದು ವರ್ಷಕ್ಕೆ ಎಲ್ಲಿರ್ತೀರಿ ಅಂತ ಕೇಳ್ದ. ಬಾಯಿಗೆ ಬಂದಿದ್ದು ಏನೋ ಹೇಳ್ದೆ. ಮನಸ್ಸು ಮಾತ್ರ ನಾಲೆ ಮೇಲೆ ಅಂತು. ಅವತ್ತೇ ಮನೆಗೆ ಬಂದು ಸಂಯುಕ್ತಾಗೆ ಹೇಳ್ದೆ. ಮೊಣಕಾಲು ನೋವು, ಅದು ಇದು ಅಂತಾಳೆ ಅಂದ್ಕೊಂಡಿದ್ದೆ, ಅವಳು ಯಾವಾಗ ಹೊರಡೋದು ಅಂದ್ಲು. ಬೋಟಿಗೆ ಮುಂಗಡನೂ ಕೊಟ್ಟಾಗಿದೆ. ಹಸಿರು ಬಣ್ಣ. ಮಾರ್ಚಿನಲ್ಲಿ ಹೊರಡೋದು.

ಏನದು, ಬೆರಳು ಮಡಚಿ ಏನೋ ಎಣಿಸ್ತಿದೀಯ? … ಇನ್ನೊಂದು ಮಂಚ ಇಲ್ಲ ಅಕ್ಕ. ಬಿಚ್ಚಿ ಹಾಸೋ ಬೆಂಚು ಒಂದಿದೆ, ಊಟದ ಮೇಜೇ ರಾತ್ರಿ ಹಾಸಿಗೆ ಆಗುತ್ತೆ, ಯಾರಾದ್ರೂ ಬಂದ್ರೆ ಒಂದೆರಡು ದಿನಕ್ಕೆ. ನಿನ್ನನ್ನ ಬಿಟ್ಟು ಹೋಗ್ತೀವಿ ಅಂತ ನಾನೆಲ್ಲಿ ಅಂದೆ? … ಹೌದು, ನೀನೂ ಅನ್ಲಿಲ್ಲ. ನೀನು ಏನೂ ಅನ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಹಾಗಾಯ್ತು ನನ್ನ ಕಥೆ.

ಈಗ ಕೇಳಿಬಿಡು. ನಮ್ಮ ಹತ್ತಿರ ಅಮೆರಿಕಾ ಪಾಸ್‌ಪೋರ್ಟ್ ಇದೆ. ಇಂಗ್ಲೆಂಡಿನಲ್ಲಿ ಒಂದ್ಸಲಕ್ಕೆ ಆರು ತಿಂಗಳು ಇರ್ಬಹುದು, ಆಮೇಲೆ ಬೋಟು ಕಟ್ಟಿಹಾಕಿ ಸ್ಪೇನೋ ಪೋರ್ಚುಗಲ್ಲೋ, ಚಳಿ ಕಳೆಯೋವರೆಗೆ. ನಮಗೆ ಯಾರೂ ಲೈನಲ್ಲಿ ನಿಲ್ಲು ಅನ್ನಲ್ಲ. ನಿನ್ನದು ಹಾಗಲ್ಲ. ಫೆಬ್ರವರಿಯಲ್ಲಿ ತಾನೇ ಬಂದಿದೀಯ, ಗ್ರೀನ್ ಕಾರ್ಡಿಗೆ ಇನ್ನೂ ಎಂಟು ತಿಂಗಳ ಪ್ರಾಯ. ಅದನ್ನಿಟ್ಕೊಂಡು ದೇಶದ ಹೊರಗೇ ತಿರುಗ್ತಾ ಇದ್ರೆ ಕಾರ್ಡಿಗೇ ಕುತ್ತು. ಅಂದ್ಮೇಲೆ ನೀನು ಬೋಟಿಗೆ ಬರೋ ಹಾಗಿಲ್ಲ. ನಾನು ಬೇಡ ಅಂತಲ್ಲ, ಕಾನೂನೇ ಹಾಗಿದೆ.

ಯೂನಿಯನ್ ಸಿಟಿ ಮನೆಯಾ? … ಮಾರ್ತಿದೀವಿ. ಮುಂದಿನ ತಿಂಗಳು ಮಾರ್ಕೆಟ್ಟಿಗೆ ಬರುತ್ತೆ. ಮೊನ್ನೆ ಕ್ಯಾಮೆರಾ ಹಿಡ್ಕೊಂಡು ಒಬ್ಬಳು ಬಂದಿದ್ಲಲ್ಲ, ನೀನು ಅವಳಿಗೆ ಕಾಫಿ ಮಾಡಿಕೊಟ್ಟು, ನಿನ್ನ ದೇವರ ಗೂಡಿನ ಮುಂದೆ ನಿಲ್ಲಿಸಿ ಕುಂಕುಮ ಕೊಟ್ಟೆಯಲ್ಲ, ಅವಳು ಮನೆ ಮಾರೋ ಏಜೆಂಟಿನ ಕಡೆಯವಳು. ಹೇಳ್ಬೇಕಾಗಿತ್ತು ನಿನಗೆ, ಹೌದು. ಅವತ್ತೇ ಹೇಳ್ಬೇಕಾಗಿತ್ತು. ಹೇಳೋಣ ಅಂತ ಅಡುಗೆಮನೆಗೆ ಬಂದೆ, ನೀನು ಹುಳಿಗೆ ಒಗ್ಗರಣೆ ಹಾಕ್ತಿದ್ದೆ, ರುಚಿ ನೋಡು ಅಂತ ಅಂಗೈಗೆ ಹಾಕ್ದೆ. ನೋಡ್ದೆ. ಚೆನ್ನಾಗಿದೆ ಅಂದು ವಾಪಸ್ಸು ಬಂದೆ.

ಅಭಿರಾಮ್‌ಗೆ ಗೊತ್ತು. ಅವನು ಮೆನ್ಲೋ ಪಾರ್ಕಿನಿಂದ ಫೋನ್ ಮಾಡಿದಾಗ ಬೋಟಿನ ವಿಷಯ ಹೇಳಿದ್ದೆ. ಕೂಲ್, ಡ್ಯಾಡ್ ಅಂದ. ಆಮೇಲೆ, "ಸೋ ವೇರ್ ಡಸ್ ಅತ್ತೆ ಗೋ?" ಅಂದ. ಕನ್ನಡ ಸರಿಯಾಗಿ ಮಾತಾಡೋಕೆ ಬರದ ಹುಡುಗ, ಅತ್ತೆ ಅನ್ನೋದೊಂದು ಕನ್ನಡದಲ್ಲಿ ಅಂದ. ನನಗೆ ಸಿಗ್ನಲ್ ಸರಿಯಿಲ್ಲ ಅಂತ ಫೋನ್ ಇಟ್ಟುಬಿಟ್ಟೆ.

… ಮಂಡ್ಯಕ್ಕೆ ವಾಪಸ್ಸು ಹೋಗ್ತೀಯಾ? ಎಲ್ಲಿಗೆ ಹೋಗ್ತೀಯ ಅಕ್ಕ! ಬಾಡಿಗೆ ಮನೆ ಬಿಟ್ಟುಕೊಟ್ಟೆ. ಬೀರು, ಮಂಚ, ರುಬ್ಬೋ ಮಿಷನ್ನು, ಎಲ್ಲ ಎದುರುಮನೆ ಈರವ್ವನಿಗೆ ಕೊಟ್ಟು ಬಂದೆ. ಆಫೀಸಿನವರು ಶಾಲು ಹೊದಿಸಿ ಕಳಿಸಿದ್ರಂತೆ, ತಮ್ಮ ಅಂದ್ರೆ ಹೀಗಿರ್ಬೇಕು ಅಂದ್ರಂತೆ. ನೀನೇ ಅಲ್ವಾ ಬಂದ ದಿನ ಏರ್‌ಪೋರ್ಟಿನಲ್ಲೇ ಹೇಳಿದ್ದು? ಎಂಟು ತಿಂಗಳಿಗೆ ನೀನು ಪೆಟ್ಟಿಗೆ ಹಿಡ್ಕೊಂಡು ವಾಪಸ್ಸು ಬಸ್‌ಸ್ಟ್ಯಾಂಡಿನಲ್ಲಿ ಇಳಿದ್ರೆ… ನಿನಗೆ ತೊಂದರೆ ಅಂತ ಹೇಳೋಕೆ ಹೊರಟಿದ್ದೆ. ಸುಳ್ಳು. ನನ್ನ ಹೆಸರು ಏನಾಗುತ್ತೆ ಅಂತ ನನ್ನ ಯೋಚನೆ.

ಅದಕ್ಕೇ ಒಂದು ಏರ್ಪಾಟು ಮಾಡಿದೀನಿ. ಪೂರ್ತಿ ಕೇಳಿಸ್ಕೋ, ಮಧ್ಯೆ ಮುಖ ತಿರುಗಿಸ್ಬೇಡ. ಈಗ ಹೋಗ್ತಿದೀವಲ್ಲ, ತಿರುಮಲೇಶ ಅಂತ, ಮಾರ್ಗನ್ ಹಿಲ್‌ನಲ್ಲಿ… ಅವರ ಮಗಳ ಹುಟ್ಟಿದಹಬ್ಬ ಅಂದಿದ್ದೆ. ಹುಟ್ಟಿದಹಬ್ಬ ಇಲ್ಲ ಅಕ್ಕ. ಮಗು ಇದೆ, ಗಾರ್ಗಿ ಅಂತ, ಮೂರು ವರ್ಷ. ಗಂಡ ಹೆಂಡತಿ ಇಬ್ಬರೂ ಸ್ಯಾನ್ ಹೋಸೆಗೆ ಓಡ್ತಾರೆ ಬೆಳಗಾದ್ರೆ. ಡೇಕೇರಿಗೆ ಹಾಕಿದ್ರೆ ಆ ಮಗು ವಾರಕ್ಕೊಂದು ಜ್ವರ ತರುತ್ತಂತೆ. ಮನೇಲಿ ಯಾರಾದ್ರೂ ಹಿರಿಯರು ಇದ್ರೆ ಅಂತ ಹುಡುಕ್ತಿದ್ರು. ನಿನಗೇ ಅಂತ ಬೇರೆ ರೂಮು, ಸೇರಿದ ಹಾಗೆ ಬಚ್ಚಲು. ಈರುಳ್ಳಿ ಬೆಳ್ಳುಳ್ಳಿ ಅವರೂ ತಿನ್ನಲ್ಲ. ಮಗು ಜೊತೆ ಇರೋದು, ಹಾಗೇ ಒಂದು ಅನ್ನ ಸಾರು ಮಾಡಿಡೋದು. ಕೈಗೂ ಏನೋ ಕೊಡ್ತಾರೆ. ಕೆಲಸ ಅಂತಲ್ಲ… ಮನೆಯವರ ಹಾಗೇ. ಇವತ್ತು, ನಾಳೆ ಇದ್ದು ನೋಡು. ಅದಕ್ಕೇ ಎರಡು ಜೊತೆ ಬಟ್ಟೆ ಇಟ್ಕೋ ಅಂದಿದ್ದು.

ಸೆರಗು ಯಾಕೆ ಸುತ್ಕೋತೀಯ, ಏಸಿ ಜಾಸ್ತಿ ಆಯ್ತಾ?

ಬೆಳಿಗ್ಗೆ ನೀನು ಆ ಮೈಸೂರು ಸಿಲ್ಕು ಉಟ್ಟು ಹೊರಗೆ ಬಂದಾಗಲೇ ಬೇರೆ ಉಡು ಅನ್ನೋಕೆ ಹೋದೆ. ಯಾಕೆ ಅಂದ್ರೆ ಏನು ಹೇಳ್ಲಿ? ಹಬ್ಬಕ್ಕೆ ಹೋಗೋವಳ ಹಾಗೆ ಸಿಂಗರಿಸ್ಕೊಂಡು, ಮಗುಗೆ ಅಂತ ಖಾರ ಕಮ್ಮಿ ಹಾಕಿ ಕೋಡುಬಳೆ ಮಾಡ್ಕೊಂಡು… ತಾಲ್ಲೂಕು ಆಫೀಸಿನಲ್ಲಿ ಶಿರಸ್ತೇದಾರ್ ಆಗಿದ್ದವಳು ನೀನು. ನೀನು ಬಾಗಿಲಿಗೆ ಬಂದ್ರೆ ಗುಮಾಸ್ತರೆಲ್ಲ ಎದ್ದು ನಿಲ್ತಿದ್ರು. ನೋಡೋಕೆ ಬಂದ ಗಂಡುಗಳನ್ನೆಲ್ಲ ನೀನೇ ಪ್ರಶ್ನೆ ಕೇಳಿ ಓಡಿಸ್ದೆ, ಇನ್ನೊಬ್ಬರ ಮನೇಲಿ ಹೇಳಿಸ್ಕೊಂಡು ಇರೋದು ನನ್ನ ಕೈಲಾಗಲ್ಲ ಅಂತ. ನನಗೆ ಇದೆಲ್ಲ ಗೊತ್ತಿಲ್ಲ ಅಂದ್ಕೋಬೇಡ. ಗೊತ್ತಿದ್ದೂ ಮಾಡಿದೀನಿ.

ಏನಾದ್ರೂ ಅನ್ನು ಅಕ್ಕ. ಬೈ. …

ಏನಂದೆ? … ಹತ್ತೊಂಬತ್ತು ವರ್ಷ ಬಿಡದೆ ಕಾದು ಕರೆಸ್ಕೊಂಡವನು, ನನಗೆ ಕೆಟ್ಟದ್ದು ಮಾಡ್ತೀಯಾ ಅಂದೆಯಾ? ಅಯ್ಯೋ… ಆ ಮಾತೊಂದು ಆಡ್ಬೇಡ. ಬೇರೆ ಏನು ಬೇಕಾದ್ರೂ ಅನ್ನು.

ತಡಿ, ಈ ಎಕ್ಸಿಟ್ ತಗೋತೀನಿ. ಇಲ್ಲ, ಮಾರ್ಗನ್ ಹಿಲ್ ಇನ್ನೂ ಮುಂದೆ. ಗಾಡಿ ಓಡಿಸ್ತಾ ಹೇಳೋ ಮಾತಲ್ಲ ಇದು… ಈ ಗ್ಯಾಸ್ ಸ್ಟೇಷನ್ ಪಕ್ಕ ನಿಲ್ಲಿಸ್ತೀನಿ. ಹಾಂ.

ಅಮ್ಮನ ವೈಕುಂಠ ಸಮಾರಾಧನೆ ದಿನ. ಎಲ್ಲ ಬಡಿಸಿ ಆಗಿತ್ತು. ನೀನು ಕಂಬಕ್ಕೆ ಒರಗಿ ಕೂತು, ಇನ್ನು ನನಗ್ಯಾರಿದಾರೆ ಆನಂದ ಅಂದೆ. ನಾನಿಲ್ವಾ ಅಂದೆ. ಹೋದ ತಕ್ಷಣ ಅರ್ಜಿ ಹಾಕ್ತೀನಿ, ಅಮೆರಿಕಾಕ್ಕೆ ಕರೆಸ್ಕೋತೀನಿ ಅಂದೆ, ಎಲ್ಲರ ಎದುರಿಗೆ. ಸೋದರಮಾವ ಕಣ್ಣೊರೆಸ್ಕೊಂಡ್ರು. ಬಾಯಿಮಾತಿಗೆ ಅಂದಿದ್ದಲ್ಲ, ಆ ಗಳಿಗೆಗೆ ನಿಜವಾಗೇ ಅಂದಿದ್ದೆ. ಇಲ್ಲಿಗೆ ಬಂದ ಮೇಲೆ ಆಫೀಸಿನಲ್ಲಿ ಕೂತು ನೋಡ್ದೆ, ಒಡಹುಟ್ಟಿದವರಿಗೆ ಅರ್ಜಿ ಹಾಕಿದ್ರೆ ಸರದಿ ಬರೋಕೆ ಎಷ್ಟು ದಿನ ಅಂತ. ವರ್ಷಗಟ್ಟಲೆ. ಹದಿನೈದೋ, ಇಪ್ಪತ್ತೋ, ಯಾರೂ ಹೇಳೋಕಾಗಲ್ಲ. ಅದನ್ನ ನೋಡಿ ನನಗೆ ಏನನ್ನಿಸ್ತು ಗೊತ್ತಾ ಅಕ್ಕ? ಉಸಿರು ಬಂದ ಹಾಗಾಯ್ತು. ಮನೆಗೆ ಬಂದು ಸಂಯುಕ್ತಾಗೆ ಅಂದೆ, ಗಾಬರಿ ಬೀಳ್ಬೇಡ, ಅರ್ಜಿ ಹಾಕೋಣ, ಅದು ಬರೋ ಹೊತ್ತಿಗೆ ಯಾರು ಎಲ್ಲಿರ್ತಾರೋ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಹಾಗೆ ಹಾಕಿದ ಅರ್ಜಿ ಅದು.

ಇನ್ನೂ ಇದೆ, ಕೇಳು. ಪ್ರತಿ ತಿಂಗಳು ನೀನು ಫೋನಿನಲ್ಲಿ, ಲೈನು ಎಲ್ಲಿಗೆ ಬಂತೋ ಅಂತಿದ್ದೆ. ನಾನು ನೋಡಿ ಹೇಳ್ತಿದ್ದೆ, ಈ ಸಲ ಒಂದು ವಾರ ಮುಂದೆ ಹೋಗಿದೆ, ಈ ಸಲ ಅಲ್ಲೇ ನಿಂತಿದೆ. ಒಂದ್ಸಲ ಲೈನು ವರ್ಷಾನುಗಟ್ಟಲೆ ಹಿಂದಕ್ಕೆ ಹೋಯ್ತು. ನೀನೇ ನನ್ನನ್ನ ಸಮಾಧಾನ ಮಾಡ್ದೆ, ಬೇಜಾರು ಮಾಡ್ಕೋಬೇಡ, ರಾಯರಿದ್ದಾರೆ, ನನಗೇನು ಅವಸರ ಅಂತ. ಅವತ್ತು ಸಂಜೆ ನಾನೂ ಸಂಯುಕ್ತಾನೂ ಹೊರಗೆ ಊಟಕ್ಕೆ ಹೋಗಿದ್ವಿ, ಖುಷಿಯಲ್ಲಿ. ನಾಚಿಕೆಗೆಟ್ಟವನು ನಾನು. ಕೊನೆಗೆ ನಿನ್ನ ಸರದಿ ಬಂತು ಅಂತ ಕಾಗದ ಬಂದಾಗ ಒಂದು ತಿಂಗಳು ಡ್ರಾಯರಿನಲ್ಲಿ ಹಾಕಿಟ್ಟಿದ್ದೆ. ಆಗ ಬೋಟಿಗೆ ಮುಂಗಡ ಕೊಟ್ಟಾಗಿತ್ತು. ಅರ್ಜಿ ವಾಪಸ್ ತಗೋಬಹುದಿತ್ತು. ತಗೊಂಡೆ ಅಂತ ನಿನಗೆ ಹೇಳೋ ಧೈರ್ಯ ಇರ್ಲಿಲ್ಲ. ಧೈರ್ಯ ಇಲ್ಲದೆ ಕರೆಸ್ಕೊಂಡೆ ನಿನ್ನ, ಪ್ರೀತಿಯಿಂದಲ್ಲ. ನೀನು ಬರ್ತೀಯ ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ ಅಕ್ಕ.

…

ಹೇಳಿಬಿಟ್ಟೆ. ಹೊಟ್ಟೇಲಿ ಇನ್ನೇನೂ ಉಳಿದಿಲ್ಲ.

… ಹೊರಡೋಣ್ವಾ? ಅಷ್ಟೇನಾ ನೀನು ಅನ್ನೋದು, ಹೊತ್ತಾಯ್ತು, ಅವರು ಕಾಯ್ತಿರ್ತಾರೆ ಅಂತ? ನಾನು ಹೇಳಿದ್ದು ಕೇಳಿಸ್ತು ತಾನೇ? … ಆಯ್ತು. ಆಯ್ತು, ಹೊರಡ್ತೀನಿ. ಯೂನಿಯನ್ ಸಿಟಿಗೆ ವಾಪಸ್ಸು ತಿರುಗಿಸ್ಲಾ? ನೀನು ಹೂಂ ಅಂದ್ರೆ ತಿರುಗಿಸ್ತೀನಿ. … ಸರಿ, ಮಾರ್ಗನ್ ಹಿಲ್. ನೀನು ಹೇಳಿದ ಹಾಗೆ.

ಈ ಗುಡ್ಡ ನೋಡು, ಬೋಳು. ಮಳೆ ಬಿದ್ದ ಮೇಲೆ ಬರ್ಬೇಕು, ಹಸಿರಾಗಿರುತ್ತೆ. … ನೋಡ್ಬೇಡ, ಸರಿ. ಸುಮ್ನಿರ್ತೀನಿ.

ಬಂತು. ಆ ಮೂಲೆ ಮನೆ. ನೋಡು, ಆಗಲೇ ಹೊರಗೆ ಬಂದು ನಿಂತಿದಾನೆ ತಿರುಮಲೇಶ. ಒಳ್ಳೆಯವನೇ. ನಾನೂ ಮುಖ ನೋಡ್ತಿರೋದು ಇದೇ ಮೊದಲು. ಮಗು ನೋಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದ, ಫೋನಿನಲ್ಲಿ ಎರಡು ಮೂರು ಸಲ ಮಾತಾಡಿದೀವಿ, ಅಷ್ಟೇ. … ಅಕ್ಕ, ಒಂದು ನಿಮಿಷ, ಬಾಗಿಲು ತೆಗೀಬೇಡ. ಒಳಗೆ ಹೋದ ಮೇಲೆ… ಹೇಗೆ ಹೇಳ್ಲಿ… ನಮ್ಮ ಮನೆ ವಿಷಯ, ಅಮ್ಮನ ವಿಷಯ, ಅದೆಲ್ಲ ತೆಗೆಯೋದು ಬೇಡ. ಆನಂದ ಅಂತ ನನ್ನನ್ನ ಕರೆಯೋದೂ ಬೇಡ. ಆಮೇಲೆ ಹೇಳ್ತೀನಿ ಯಾಕೆ ಅಂತ. ಮಂಡ್ಯದವಳು ಅಂದ್ರೆ ಸಾಕು. … ಆಗ್ಲಿ ಅಂದೆಯಾ? ಯಾಕೆ ಅಂತ ಕೇಳಲ್ವಾ? … ಸರಿ, ಇಳಿ. ಬ್ಯಾಗು ನಾನು ತರ್ತೀನಿ. ಬೇಡ ಅಕ್ಕ, ಕೊಡು ಅದನ್ನ. ಅಯ್ಯೋ, ನೀನು ಹೊರಬೇಡ!

ನಮಸ್ಕಾರ ತಿರುಮಲೇಶ್. … ಇಲ್ಲ, ಟ್ರಾಫಿಕ್ ಏನಿರ್ಲಿಲ್ಲ, ದಾರಿಯಲ್ಲಿ ಒಂದೈದು ನಿಮಿಷ ನಿಂತಿದ್ವಿ. … ಹೌದು, ಇವರೇ. ಸತ್ಯವತಿಯವರು, ಫೋನಿನಲ್ಲಿ ಹೇಳಿದ್ದೆನಲ್ಲ. … ಇದೇನಾ ಗಾರ್ಗಿ? ನೋಡಿ, ಬಂದ ತಕ್ಷಣ ಅವರ ಸೆರಗು ಹಿಡ್ಕೊಂಡ್ಲು. ಹೊಂದ್ಕೋತಾಳೆ ಬಿಡಿ. … ಆಂ? ಹೋಲಿಕೆಯಾ? ನಮ್ಮಿಬ್ಬರಿಗಾ? … ಹಾಗೇನಿಲ್ಲ, ನಮ್ಮ ಕಡೆಯವರ ಮೂಗೇ ಹಾಗೆ ಇರುತ್ತೆ. … ಇವರು ನನಗೆ ಏನಾಗ್ಬೇಕು ಅಂದ್ರಾ?

ಅವರನ್ನೇ ಕೇಳಿ.

… ಕೇಳ್ತಿದಾರೆ ನೋಡಿ. ಹೇಳಿ. … ಏನಾದ್ರೂ ಒಂದು ಹೇಳು. ದೂರದ ಸಂಬಂಧ ಅನ್ನು, ಏನೂ ಅಲ್ಲ ಅನ್ನು, ಏನಂದ್ರೂ ನಾನು ಹೂಂ ಅಂತೀನಿ. ಹೀಗೆ ಸುಮ್ನೆ ನನ್ನ ಮುಖ ನೋಡ್ಕೊಂಡು ನಿಲ್ಬೇಡ…

ಹೇಳಲ್ಲ ತಿರುಮಲೇಶ್, ಅವಳು ಹೇಳಲ್ಲ. ನಾನು ಬೇಡ ಅಂದಿದೀನಿ, ಅವಳು ಆಗ್ಲಿ ಅಂದಿದಾಳೆ. ಇಲ್ಲ, ನಿಮ್ಮ ತಪ್ಪೇನಿಲ್ಲ… ಪರಿಚಯದ ಹೆಂಗಸು, ಪಾಪ, ಯಾರೂ ಇಲ್ಲ ಅಂತ ನಾನೇ ನಿಮಗೆ ಹೇಳಿದ್ದೆ. ಹಾಗಲ್ಲ. ನಮ್ಮಕ್ಕ ಅವಳು. ನನ್ನ ಸ್ವಂತ ಅಕ್ಕ. ಅಕ್ಕನ್ನ ಹೀಗೆ ತಂದು ಬಿಡ್ತಿದೀನಿ ಅಂತ ಹೇಳೋಕೆ ನಾಚಿಕೆಯಾಗಿ… ಎಲ್ಲಿ ಹೋದ್ಲು? ಚಪ್ಪಲಿ ಬಿಟ್ಟು ಮಗು ಕೈ ಹಿಡ್ಕೊಂಡು ಒಳಗೆ ಹೋಗಿಬಿಟ್ಲಾ? ಈಗ ನಾನು ಅಂದಿದ್ದು ಅವಳಿಗೆ ಕೇಳಿಸ್ತಾ?

ಒಂದ್ಸಲ ಹೊರಗೆ ಕರೀತೀರಾ ತಿರುಮಲೇಶ್? ನೀವೇ ಕರೀರಿ. ನನಗೆ ಕರೆಯೋ ಮುಖ ಇಲ್ಲ.